ಕಪ್ಪು ದಾರ, ಡಚ್ ಬಟ್ಟೆ, ಸಿದ್ದಿಯರ ಕೌದಿ

ಹಳಿಯಾಳದ ಓದುಗರೊಬ್ಬರು ಬರೆದಿದ್ದಾರೆ: “ಕಳೆದ ಸಂಚಿಕೆಯಲ್ಲಿ ಅಮೆರಿಕದ ಕಪ್ಪು ಕಲಾವಿದ ಜೇಕಬ್ ಲಾರೆನ್ಸ್ ಅವರ 60 ಚಿತ್ರಗಳ ವಲಸೆ ಸರಣಿಯ ಬಗ್ಗೆ ಓದಿದೆ. ಚೆನ್ನಾಗಿತ್ತು. ಆದರೆ ಕಪ್ಪು ಕಲಾವಿದರು ಎಲ್ಲೇ ಇರಲಿ, ಅದೇ ನೋವನ್ನೇ ಹೇಳುತ್ತಿರಬೇಕೆ? ಹಾಗಾದರೆ ನಮ್ಮ ಕಡೆಯ, ಆಫ್ರಿಕ ಮೂಲದ ಸಿದ್ದಿ ಹೆಂಗಸರ ಕೌದಿಯೂ ಅದೇ ಸಾಲಿಗೆ ಬರುತ್ತದೆಯೆ?”

ಅರ್ಧ ತಪ್ಪು ನಮ್ಮದು. ಅಮೆರಿಕದ ಒಬ್ಬರ ಬಗ್ಗೆ ಬರೆದು, ಜಗತ್ತಿಗೆಲ್ಲ ಸಲ್ಲುವಂಥ ತಲೆಬರಹ ಕೊಟ್ಟೆವು. ದಕ್ಷಿಣ ಬಿಟ್ಟು ಉತ್ತರಕ್ಕೆ ಹೊರಟ ಕರಿಯರ ಈ ಸರಣಿಯನ್ನು ಲಾರೆನ್ಸ್ ಬರೆದ 1940-41ರಲ್ಲಿ ಅಲ್ಲಿನ ದಕ್ಷಿಣದ ರಾಜ್ಯಗಳಲ್ಲಿ ಬಿಳಿಯರಿಗೂ ಕರಿಯರಿಗೂ ನಡುವೆ ಕಾನೂನೇ ಗೆರೆ ಎಳೆದಿತ್ತು. ಬ್ರೆಜಿಲ್ ಹಾಗಲ್ಲ. ಗುಲಾಮಗಿರಿಯನ್ನು 1888ರಲ್ಲಿ, ಅಮೆರಿಕ ಖಂಡಗಳಲ್ಲೇ ಎಲ್ಲರಿಗಿಂತ ತಡವಾಗಿ ಕೈಬಿಟ್ಟ ಆ ದೇಶ, ‘ನಾವೆಲ್ಲ ಬೆರೆತುಹೋದವರು, ನಮ್ಮಲ್ಲಿ ಭೇದವೇ ಇಲ್ಲ’ ಎಂದು ಬಹುಕಾಲ ಹೇಳಿಕೊಂಡಿತು. ಇಲ್ಲವೆನ್ನುವುದನ್ನು ತೋರಿಸುವುದು ಹೇಗೆ?

ಆ ದೇಶದ ಸಾವೊ ಪಾಲೊ ನಗರದ ಕಪ್ಪು ಕಲಾವಿದೆ ರೊಸಾನಾ ಪೌಲಿನೊ 1997ರಲ್ಲಿ ತಮ್ಮ ಮನೆಯ ಆಲ್ಬಮ್ಮಿನಿಂದ ಹೆಂಗಸರ ಫೋಟೊಗಳನ್ನು ಬಟ್ಟೆಗೆ ಇಳಿಸಿದರು. ಬಟ್ಟೆಯನ್ನು ಕಸೂತಿ ಹಾಕುವ ರಿಂಗಿಗೆ ಬಿಗಿದರು. ಇನ್ನು ಹೂವೋ ಬಳ್ಳಿಯೋ ಅರಳಬೇಕಲ್ಲವೆ? ಬಂದದ್ದು ಕಪ್ಪು ದಾರ. ಒಬ್ಬಳ ಬಾಯಿ, ಒಬ್ಬಳ ಕಣ್ಣು, ಇನ್ನೊಬ್ಬಳ ಗಂಟಲಿನ ಮೇಲೆ, ಹರಿದ ಗೋಣಿಚೀಲ ಹೊಲಿದ ಹಾಗೆ ಒರಟಾಗಿ. ಕೃತಿಯ ಹೆಸರು ‘ಬಸ್ತಿದೋರೆಸ್’. ಪೋರ್ಚುಗೀಸಿನಲ್ಲಿ ಅದಕ್ಕೆ ಕಸೂತಿಯ ರಿಂಗು ಎಂದೂ ರಂಗದ ಹಿಂಬದಿ ಎಂದೂ ಎರಡರ್ಥ.

ನಿಮ್ಮ ಪ್ರಶ್ನೆಯನ್ನು ಯಿಂಕಾ ಶೋನಿಬಾರೆ ತಲೆಕೆಳಗಾಗಿ ಕೇಳಿಸಿಕೊಂಡವರು. ಲಂಡನ್ನಿನಲ್ಲಿ ಹುಟ್ಟಿ ನೈಜೀರಿಯದ ಲಾಗೋಸಿನಲ್ಲಿ ಬೆಳೆದ ಕಲಾವಿದರು. ಕಲಾಶಾಲೆಯಲ್ಲಿ ಸೋವಿಯತ್ ರಾಜಕೀಯದ ಮೇಲೆ ಕೆಲಸ ಮಾಡುತ್ತಿದ್ದಾಗ, ‘ಅಪ್ಪಟ ಆಫ್ರಿಕನ್ ಕಲೆ ಯಾಕೆ ಮಾಡುವುದಿಲ್ಲ?’ ಎಂದು ಮೇಷ್ಟರು ಕೇಳಿದರಂತೆ. ಶೋನಿಬಾರೆ ಲಂಡನ್ನಿನ ಬ್ರಿಕ್ಸ್‌ಟನ್ ಮಾರ್ಕೆಟ್ಟಿಗೆ ಹೋಗಿ ‘ಆಫ್ರಿಕನ್’ ಬಟ್ಟೆ ಕೊಂಡು ತಂದರು. ಅದರ ಮೂಲ ಜಾವಾದ ಬಾಟಿಕ್, ಮೇಣ ಹಚ್ಚಿ ಬಣ್ಣ ಹಾಕಿದ ಬಟ್ಟೆ. ಅದನ್ನು ನಕಲು ಮಾಡಿದ್ದು ಡಚ್ಚರ ಗಿರಣಿ. ಬಿಕರಿಯಾದದ್ದು ಪಶ್ಚಿಮ ಆಫ್ರಿಕದಲ್ಲಿ. ಅದೇ ಬಟ್ಟೆಯಲ್ಲಿ ವಿಕ್ಟೋರಿಯಾ ಕಾಲದ ಗೌನು ಹೊಲಿಸಿ ತಲೆಯಿಲ್ಲದ ಬೊಂಬೆಗಳಿಗೆ ತೊಡಿಸಿದರು. ನೋವಿಗಿಂತ ತುಂಟತನವೇ ಹೆಚ್ಚು.

ಇನ್ನು ಕೌದಿ. ಅದನ್ನು ನಾನು ಈ ಸಾಲಿಗೆ ಎಳೆಯಲಾರೆ. ಸಿದ್ದಿಯರ ಹಿರೀಕರು ಆಫ್ರಿಕದಿಂದ ಬಂದವರು, ಅನೇಕರು ಗುಲಾಮರಾಗಿ, ನಿಜ. ಆದರೆ ಹಳೆ ಬಟ್ಟೆಯ ತುಂಡುಗಳನ್ನು ಅಂಚಿನಿಂದ ನಡುವಿನವರೆಗೆ ಸುತ್ತಿ ಸುತ್ತಿ ಹೊಲಿಯುವ ಅಜ್ಜಿಗೆ ಮೊಮ್ಮಗುವಿನ ಚಳಿಯ ಚಿಂತೆ. ಮೂಲೆಗಳಿಗೆ ‘ಫೂಲ’, ಅಂದರೆ ಬಟ್ಟೆಯ ಹೂವು, ಇಡದೆ ಅವರು ಕೌದಿ ಮುಗಿಯಿತೆನ್ನುವುದಿಲ್ಲ. ಯಾಕೆಂದು ನೀವೇ ಕೇಳಿ ಬರೆಯಿರಿ, ಹತ್ತಿರದಲ್ಲಿದ್ದೀರಿ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಖಾಲಿ ಇಟ್ಟಿರುತ್ತೇನೆ.

— ಸಂ.