ಲಂಡನ್ ಫ್ಲಾಟಿನ ಲೀಸ್ 82 ವರ್ಷಕ್ಕೆ ಇಳಿದಿದೆ, ಈಗಲೇ ಎಕ್ಸ್‌ಟೆಂಡ್ ಮಾಡಿಸ್ಬೇಕಾ, ಹೊಸ ಕಾನೂನಿಗೆ ಕಾಯ್ಬೇಕಾ?

ಕಾಯ್ಬೇಡಿ. 80ಕ್ಕಿಂತ ಕೆಳಗೆ ಇಳಿಯೋದ್ರೊಳಗೆ ಲೀಸ್ ಎಕ್ಸ್‌ಟೆಂಡ್ ಮಾಡಿ ಅಂತ ನೋಟಿಸ್ ಕೊಟ್ಬಿಡಿ. ಹಾಗಂತ ಫ್ರೀಹೋಲ್ಡರ್ (ನೆಲ, ಕಟ್ಟಡದ ಮಾಲೀಕರು) ಕಳಿಸಿದಾರೆ ಅಂತ ಬರ್ದಿದೀರಲ್ಲ, "14 ಸಾವಿರ ಪೌಂಡ್ ಕೊಡಿ 125 ವರ್ಷಕ್ಕೆ ಮಾಡ್ಕೊಡ್ತೀವಿ, ಹಳೇ ಅವಧಿ ಮುಗಿಯೋವರೆಗೂ ವರ್ಷಕ್ಕೆ 250 ಪೌಂಡ್ ಗ್ರೌಂಡ್ ರೆಂಟ್ (ನೆಲಬಾಡಿಗೆ) ಹಾಗೇ ಇರುತ್ತೆ" ಅನ್ನೋ ಪತ್ರ, ಅದಕ್ಕೂ ಸೈನ್ ಹಾಕ್ಬೇಡಿ. ನಾನು ಲಾಯರ್ ಅಲ್ಲ, ಐಟಿಯವನು, ಸ್ಲೌನಲ್ಲಿರೋ ನಮ್ಮ ಫ್ಲಾಟಿಗೆ ಈ ಕೆಲ್ಸ ಮಾಡಿಸಿದೀನಿ ಅಷ್ಟೆ.

ನಮ್ಮೂರ ಕಡೆಯಿಂದ ಬಂದೋರಿಗೆ ಈ ವ್ಯವಸ್ಥೆ ಬೇಗ ತಲೆಗೆ ಹೋಗಲ್ಲ. ಬೆಂಗ್ಳೂರಲ್ಲಿ ಅಪಾರ್ಟ್‌ಮೆಂಟ್ ತಗೊಂಡ್ರೆ ಸೇಲ್ ಡೀಡಲ್ಲಿ ಯುಡಿಎಸ್ ಅಂತ ನೆಲದಲ್ಲೂ ಒಂದು ಪಾಲು ನಮ್ಮ ಹೆಸ್ರಿಗೆ ಬರುತ್ತೆ. ಇಂಗ್ಲೆಂಡ್, ವೇಲ್ಸ್‌ನ ಲೀಸ್‌ಹೋಲ್ಡ್ ಫ್ಲಾಟಲ್ಲಿ ಅದಿಲ್ಲ, ಇಷ್ಟು ವರ್ಷ ಇಟ್ಕೊಳ್ಳೋ ಹಕ್ಕನ್ನ ಮಾತ್ರ ಕೊಂಡಿರ್ತೀವಿ, ಅವಧಿ ಮುಗಿದ್ರೆ ಫ್ಲಾಟ್ ಫ್ರೀಹೋಲ್ಡರ್‌ದು. ಅದಕ್ಕೇ ವರ್ಷ ಕರಗಿದಷ್ಟೂ ಮಾರೋ ಬೆಲೆ ಇಳಿಯುತ್ತೆ, ಕೊಳ್ಳೋರಿಗೆ ಮಾರ್ಟ್‌ಗೇಜ್ ಸಿಗೋದೂ ಕಷ್ಟ ಆಗುತ್ತೆ.

ಈಗ ದುಡ್ಡಿನ ವಿಷ್ಯ. ಎಕ್ಸ್‌ಟೆನ್ಷನ್‌ಗೆ ಕೊಡೋ ಪ್ರೀಮಿಯಂ ಅಂದ್ರೆ ಫ್ರೀಹೋಲ್ಡರ್‌ಗೆ ಆಗೋ ನಷ್ಟದ ಲೆಕ್ಕ: ಇನ್ಮುಂದೆ ಸಿಗದೇ ಹೋಗೋ ಗ್ರೌಂಡ್ ರೆಂಟ್ ಒಂದು, 82 ವರ್ಷ ಆದ್ಮೇಲೆ ಕೈಗೆ ಬರ್ಬೇಕಿದ್ದ ಫ್ಲಾಟ್ ಇನ್ನೂ 90 ವರ್ಷ (ಕಾನೂನು ಪ್ರಕಾರ ಸೇರೋದು ಅಷ್ಟು) ಮುಂದಕ್ಕೆ ಹೋಯ್ತಲ್ಲ ಅದೊಂದು. ನಿಮ್ದು 3 ಲಕ್ಷ ಪೌಂಡ್ ಬಾಳುತ್ತೆ ಅಂದಿದೀರಿ. ಗ್ರೌಂಡ್ ರೆಂಟ್ ಮಧ್ಯದಲ್ಲಿ ಏರಲ್ಲ ಅಂತ ಇಟ್ಕೊಂಡು, ವರ್ಷಕ್ಕೆ 250ನ್ನ 6 ಪರ್ಸೆಂಟ್ ದರದಲ್ಲಿ ಇವತ್ತಿನ ಬೆಲೆಗೆ ತಂದ್ರೆ ಸುಮಾರು 4,100. 82 ವರ್ಷದಾಚೆ ಇರೋ 3 ಲಕ್ಷಾನ 5 ಪರ್ಸೆಂಟಲ್ಲಿ ಇಳಿಸ್ಕೊಂಡು ಬಂದ್ರೆ ಸುಮಾರು 5,500, ಫ್ಲಾಟಿಗೆ ಈ 5 ಅನ್ನೋದು ಸ್ಪೋರ್ಟೆಲ್ಲಿ ಅನ್ನೋ ಕೋರ್ಟ್ ಕೇಸಿಂದ ಬಂದಿದ್ದು, ಆಸ್ತಿಗೆ ಬೆಲೆ ಕಟ್ಟೋ ಸರ್ವೇಯರ್‌ಗಳು ಸಾಮಾನ್ಯವಾಗಿ ಅದನ್ನೇ ಹಿಡ್ಕೋತಾರೆ. ಎರಡೂ ಸೇರಿ 9,600. ಅವ್ರು ಕೇಳ್ತಿರೋದು 14 ಸಾವಿರ, ಅದೂ ಬರೀ 43 ವರ್ಷ ಸೇರಿಸೋಕೆ!

ಇದೇ ಲೆಕ್ಕಾನ 79 ವರ್ಷಕ್ಕೆ ಮಾಡಿ ನೋಡಿ, ಮೇಲಿನ ಎರಡು ಸೇರಿ ಸುಮಾರು 10,500 ಆಗುತ್ತೆ, ಅಲ್ಲಿಗೆ ನಿಲ್ಲಲ್ಲ. 80ಕ್ಕಿಂತ ಕಮ್ಮಿ ಆದ ತಕ್ಷಣ ಮ್ಯಾರೇಜ್ ವ್ಯಾಲ್ಯೂ ಅನ್ನೋದು ಬಂದು ಸೇರ್ಕೊಳ್ಳುತ್ತೆ, ಅಂದ್ರೆ ಲೀಸ್ ಉದ್ದ ಆಗಿದ್ದರಿಂದ ಫ್ಲಾಟಿನ ಬೆಲೆ ಏರುತ್ತಲ್ಲ, ಆ ಲಾಭದಲ್ಲಿ ಅರ್ಧ ಅವ್ರಿಗೆ. 79 ವರ್ಷದ ಲೀಸಿರೋ ಫ್ಲಾಟ್ 2,80,000ಕ್ಕೆ ಹೋಗುತ್ತೆ ಅಂತ ಸರ್ವೇಯರ್ ಬರೆದ್ರೆ, ಏರೋ 20,000ದಲ್ಲಿ ಮೇಲಿನ 10,500 ಕಳೆದು ಉಳಿಯೋ 9,500ರಲ್ಲಿ ಅರ್ಧದ ಪಾಲೇ ಸುಮಾರು 4,800, ಒಟ್ಟು 15 ಸಾವಿರ ದಾಟ್ತು.

2024ರ ಲೀಸ್‌ಹೋಲ್ಡ್ ಅಂಡ್ ಫ್ರೀಹೋಲ್ಡ್ ರಿಫಾರ್ಮ್ ಆ್ಯಕ್ಟಲ್ಲಿ ಮ್ಯಾರೇಜ್ ವ್ಯಾಲ್ಯೂನೇ ತೆಗೀತಾರೆ, 90ರ ಬದ್ಲು 990 ವರ್ಷ ಕೊಡ್ತಾರೆ ಅಂತ ವಾಟ್ಸಾಪ್ ಗ್ರೂಪಲ್ಲೆಲ್ಲ ಓಡಾಡ್ತಿದೆ. ಕಾನೂನು ಪಾಸಾಗಿರೋದು ನಿಜ, ಆದ್ರೆ ಈ ಭಾಗಗಳು ನಾನಿದನ್ನ ಬರೆಯೋ ಹೊತ್ತಿಗೆ ಜಾರಿಗೆ ಬಂದಿಲ್ಲ. ಜಾರಿಗೆ ಬಂದಿರೋದ್ರಲ್ಲಿ ನಿಮಗೆ ಉಪಯೋಗ ಆಗೋದು ಅಂದ್ರೆ 2 ವರ್ಷ ಮಾಲೀಕರಾಗಿರ್ಬೇಕು ಅನ್ನೋ ರೂಲ್ 2025ರ ಜನವರಿ 31ಕ್ಕೆ ಹೋಯ್ತು, ಹೋದ ವರ್ಷ ತಾನೆ ತಗೊಂಡಿದ್ರೂ ಅಪ್ಲೈ ಮಾಡ್ಬಹುದು. ಲೆಕ್ಕ ಹಾಕುವಾಗ ಗ್ರೌಂಡ್ ರೆಂಟನ್ನ ಫ್ಲಾಟ್ ಬೆಲೆಯ 0.1 ಪರ್ಸೆಂಟಿಗಿಂತ ಜಾಸ್ತಿ ಹಿಡೀಬಾರ್ದು ಅಂತಾನೂ ಹೊಸ ಆ್ಯಕ್ಟಲ್ಲಿದೆ, ನಿಮ್ಗೆ ಅದು 300 ಆಗುತ್ತೆ, ನಿಮ್ಮ 250 ಅದರೊಳಗೇ ಇದೆ, ಅದರಿಂದ ದುಡ್ಡೇನೂ ಉಳಿತಾಯ ಆಗಲ್ಲ. 72 ವರ್ಷ ಉಳಿದಿರೋರಿಗೆ ಕಾಯೋದ್ರಲ್ಲಿ ಅರ್ಥ ಇರ್ಬಹುದು. ನಿಮಗಿಲ್ಲ.

ದಾರಿ ಯಾವ್ದು ಅಂದ್ರೆ ಲೀಸ್ ಎಕ್ಸ್‌ಟೆಂಡ್ ಮಾಡಿಸೋ ಹಕ್ಕು ಕೊಡೋ 1993ರ ಆ್ಯಕ್ಟಿನ ಸೆಕ್ಷನ್ 42 ನೋಟಿಸ್. ಈಗಿರೋ ವರ್ಷದ ಮೇಲೆ 90 ಸೇರುತ್ತೆ, ನಿಮ್ದು 172 ಆಗುತ್ತೆ, ಗ್ರೌಂಡ್ ರೆಂಟ್ ಸೊನ್ನೆ. ಬೆಲೆ ಲೆಕ್ಕಕ್ಕೆ ನೋಟಿಸ್ ಕೊಟ್ಟ ದಿನಾನೇ ಗಟ್ಟಿ, ಆಮೇಲೆ ಮಾತುಕತೆ ಒಂದು ವರ್ಷ ಎಳೆದ್ರೂ 80ರ ಭಯ ಇಲ್ಲ. ಮೊದ್ಲು ಆರ್‌ಐಸಿಎಸ್ (ಇಲ್ಲಿನ ಸರ್ವೇಯರ್‌ಗಳ ಸಂಸ್ಥೆ) ಸರ್ವೇಯರ್ ಹತ್ರ ವ್ಯಾಲ್ಯುಯೇಶನ್ ಮಾಡ್ಸಿ, ಆಮೇಲೆ ಬರೀ ಲೀಸ್ ಎಕ್ಸ್‌ಟೆನ್ಷನ್ನೇ ಮಾಡೋ ಸಾಲಿಸಿಟರ್‌ನ ಹಿಡೀರಿ, ಮನೆ ಕೊಳ್ಳುವಾಗ ಕಾಗದಪತ್ರ ಮಾಡ್ಕೊಟ್ಟ ಸೋವಿ ಕನ್ವೇಯನ್ಸರ್ ಬೇಡ, ನೋಟಿಸಲ್ಲಿ ತಪ್ಪಾದ್ರೆ ಎಲ್ಲ ಮತ್ತೆ ಶುರುವಿಂದ. ನೋಟಿಸಲ್ಲಿ ನೀವು ಬರೆಯೋ ಪ್ರೀಮಿಯಂ ಮೊತ್ತದ 10 ಪರ್ಸೆಂಟ್ ಅಥವಾ 250 ಪೌಂಡ್, ಯಾವುದು ಜಾಸ್ತಿನೋ ಅದನ್ನ ಫ್ರೀಹೋಲ್ಡರ್ ಡೆಪಾಸಿಟ್ ಕೇಳ್ಬಹುದು. ಸದ್ಯಕ್ಕೆ ಅವ್ರ ಲಾಯರ್, ವ್ಯಾಲ್ಯೂಯರ್ ಖರ್ಚೂ ನಮ್ಮ ತಲೆ ಮೇಲೇ, ನನಗೆ ಇವತ್ತಿಗೂ ಹೊಟ್ಟೆ ಉರಿಯೋದು ಅದೊಂದಕ್ಕೆ.

ಅವ್ರಿಗೆ ಕೌಂಟರ್ ನೋಟಿಸ್ (ನಿಮ್ಮ ನೋಟಿಸಿಗೆ ಉತ್ತರ) ಕೊಡೋಕೆ ಕನಿಷ್ಠ 2 ತಿಂಗ್ಳು ಟೈಮ್ ಕೊಡ್ಬೇಕು. ನಮ್ಮ ಫ್ರೀಹೋಲ್ಡರ್‌ದು ಗಡುವಿನ ಕೊನೇ ದಿನ ಬಂತು, ನಾವು ಬರೆದಿದ್ದಕ್ಕೆ ಹತ್ರ ಹತ್ರ ಎರಡರಷ್ಟು ಬರ್ಕೊಂಡು. ಅದನ್ನ ನೋಡಿ ಹೆದರ್ಕೋಬೇಡಿ, ಎರಡೂ ಕಡೆ ಸರ್ವೇಯರ್‌ಗಳು ಈಮೇಲಲ್ಲೇ ಚೌಕಾಸಿ ಮಾಡಿ ಮಧ್ಯದಲ್ಲೆಲ್ಲೋ ನಿಲ್ಲಿಸ್ತಾರೆ, ನಮ್ದೂ ಹಾಗೇ ಮುಗೀತು, ಟ್ರಿಬ್ಯೂನಲ್‌ಗೆ ಹೋಗ್ಲಿಲ್ಲ. ಆದ್ರೆ ಕೌಂಟರ್ ನೋಟಿಸ್ ಬಂದು 6 ತಿಂಗ್ಳೊಳಗೆ ರೇಟ್ ಕುದುರದಿದ್ರೆ ಟ್ರಿಬ್ಯೂನಲ್‌ಗೆ ಅರ್ಜಿ ಹಾಕ್ಲೇಬೇಕು, ಆ ದಿನ ತಪ್ಪಿದ್ರೆ ನಿಮ್ಮ ನೋಟಿಸ್ ಬಿದ್ದೋಯ್ತು, ಇನ್ನೊಂದು ಕೊಡೋಕೆ 12 ತಿಂಗ್ಳು ಕಾಯ್ಬೇಕು, ಅಷ್ಟೊತ್ತಿಗೆ ನಿಮ್ಮ 82 ಎಲ್ಲಿರುತ್ತೋ. ಸಾಲಿಸಿಟರ್ ನೋಡ್ಕೋತಾರೆ ಅಂತ ಬಿಡದೆ ನೀವೂ ಕ್ಯಾಲೆಂಡರಲ್ಲಿ ಹಾಕ್ಕೊಳ್ಳಿ. ಸಾಲಿಸಿಟರ್ ಹಿಡಿಯೋಕೆ ಮುಂಚೆ ಅನುಮಾನ ಇದ್ರೆ ಲೀಸ್‌ಹೋಲ್ಡ್ ಅಡ್ವೈಸರಿ ಸರ್ವೀಸ್‌ನವ್ರನ್ನ ಕೇಳಿ, ಸರ್ಕಾರದ ದುಡ್ಡಲ್ಲಿ ನಡೆಯೋದು, ಫ್ರೀ.

ಅದಿರ್ಲಿ, ಈ 82 ಅಂತ ನಿಮ್ಗೆ ಹೇಳಿದ್ದು ಯಾರು, ಏಜೆಂಟಾ? ಲ್ಯಾಂಡ್ ರಿಜಿಸ್ಟ್ರಿ ಸೈಟಲ್ಲಿ 7 ಪೌಂಡ್ ಕೊಟ್ಟು ಟೈಟಲ್ ರಿಜಿಸ್ಟರ್ ತೆಗೆದು ನೋಡಿ, ಲೀಸ್ ಯಾವ ತಾರೀಖಿಂದ ಶುರು ಅಂತ ಅದರಲ್ಲಿರುತ್ತೆ, ನೀವು ಕೊಂಡ ತಾರೀಖಿಗೂ ಅದಕ್ಕೂ ಸಂಬಂಧ ಇಲ್ಲ. ಆ ತಾರೀಖು ಇಲ್ಲಿ ಹಾಕಿ, 80ಕ್ಕೆ ಎಷ್ಟು ತಿಂಗ್ಳಿದೆ ಅಂತ ಲೆಕ್ಕ ಹಾಕೋಣ.