ರಾಯಚೂರಿನ ಬಿಸಿಲಿಗೆ ಗ್ಯಾಲಿಯಂ ಕರಗುತ್ತದೆಯೇ?

ಪ್ರಶ್ನೆ: ಕೋಣೆಯ ತಾಪಮಾನದಲ್ಲಿ ದ್ರವವಾಗಿರುವ ಧಾತುಗಳು ಪಾದರಸ, ಬ್ರೋಮಿನ್ ಎರಡೇ ಎಂದು ಮಗಳ ಪುಸ್ತಕದಲ್ಲಿದೆ. ಆದರೆ ಅಂಗೈಯಲ್ಲೇ ಕರಗುವ ಗ್ಯಾಲಿಯಂನ ವಿಡಿಯೊ ನೋಡಿದೆವು. ನಮ್ಮೂರಿನ ಬೇಸಿಗೆಯಲ್ಲಿ ಅದೂ ದ್ರವವೇ ಅಲ್ವಾ? ತರಿಸಿ ಮನೆಯಲ್ಲಿ ಇಡಬಹುದೇ?
– ಓದುಗರೊಬ್ಬರು, ರಾಯಚೂರು

ಉತ್ತರ: ನಿಮ್ಮ ಊಹೆ ಸರಿ. ಪುಸ್ತಕದ ಮಾತೂ ಸರಿಯೇ. ಪುಸ್ತಕದವರು ಲೆಕ್ಕಕ್ಕೆ ಹಿಡಿಯುವುದು ಸಾಮಾನ್ಯವಾಗಿ 25 ಡಿಗ್ರಿ ಸೆಲ್ಸಿಯಸ್. ಸೀಸಿಯಂ ಕರಗುವುದು 28.5ಕ್ಕೆ, ಗ್ಯಾಲಿಯಂ 29.8ಕ್ಕೆ. 40 ದಾಟುವ ನಿಮ್ಮ ಮೇ ತಿಂಗಳಲ್ಲಿ 39.3ಕ್ಕೆ ಕರಗುವ ರುಬಿಡಿಯಂ ಕೂಡ ದ್ರವವೇ. ಆದರೆ ಸೀಸಿಯಂ, ರುಬಿಡಿಯಂ ಎರಡೂ ನೀರು ಸೋಕಿದರೆ ಸಿಡಿಯುತ್ತವೆ, ಗಾಳಿಗೆ ಬಿಟ್ಟರೆ ಹೊತ್ತಿಕೊಳ್ಳುತ್ತವೆ. ಆ ಆಸೆ ಬೇಡ.

ಬ್ರೋಮಿನ್ ಕಡುಗೆಂಪು ದ್ರವ. ಮುಚ್ಚಳ ತೆಗೆದರೆ ಸಾಕು, ಕೆಂಗಂದು ಹೊಗೆ ಏಳುತ್ತದೆ. ಚರ್ಮ ಸುಡುತ್ತದೆ, ಉಸಿರಾಟಕ್ಕೂ ಅಪಾಯ.

ನನಗೆ ಎಲ್ಲಕ್ಕಿಂತ ಬೆರಗು ಹುಟ್ಟಿಸುವುದು ಪಾದರಸ. ಒಂದು ಲೀಟರ್ ಪಾದರಸ ಸುಮಾರು 13.6 ಕೆ.ಜಿ. ತೂಗುತ್ತದೆ, ಕಬ್ಬಿಣದ ಮೊಳೆ ಹಾಕಿದರೆ ತೇಲುತ್ತದೆ. ಇಷ್ಟು ಭಾರದ ಲೋಹ ಮೈನಸ್ 39 ಡಿಗ್ರಿಯವರೆಗೂ ಯಾಕೆ ಗಟ್ಟಿಯಾಗುವುದಿಲ್ಲ? ಅದರ ನ್ಯೂಕ್ಲಿಯಸ್‌ನಲ್ಲಿ 80 ಪ್ರೋಟಾನ್‌ಗಳಿವೆ. ಆ ಸೆಳೆತಕ್ಕೆ ಒಳಗಿನ ಎಲೆಕ್ಟ್ರಾನ್‌ಗಳು ಬೆಳಕಿನ ವೇಗದ ಅರ್ಧಕ್ಕಿಂತ ಜಾಸ್ತಿ ವೇಗದಲ್ಲಿ ಓಡುತ್ತವೆ. ಅಷ್ಟು ವೇಗಕ್ಕೆ ಐನ್‌ಸ್ಟೈನ್ ಹೇಳಿದ ಸಾಪೇಕ್ಷತೆಯ ಲೆಕ್ಕ ಬೇಕೇ ಬೇಕು. ಅದರ ಪರಿಣಾಮವಾಗಿ ಹೊರಗಿನ ಎರಡು ಎಲೆಕ್ಟ್ರಾನ್‌ಗಳೂ ಒಳಕ್ಕೆ ಎಳೆಯಲ್ಪಟ್ಟು, ಪಕ್ಕದ ಪರಮಾಣುಗಳ ಜತೆ ಅಷ್ಟಾಗಿ ಬೆರೆಯುವುದಿಲ್ಲ. ಹಿಡಿತ ಸಡಿಲ, ಹಾಗಾಗಿ ದ್ರವ. 2013ರಲ್ಲಿ ವಿಜ್ಞಾನಿಗಳು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡಿದರು: ಈ ಪರಿಣಾಮ ಇಲ್ಲದಿದ್ದರೆ ಪಾದರಸ ಕರಗಲು ಸುಮಾರು 82 ಡಿಗ್ರಿ ಬೇಕಿತ್ತು. ಆಗ ರಾಯಚೂರಿನ ಬಿಸಿಲಿಗೂ ಅದು ಗಟ್ಟಿ ಲೋಹವೇ!

ಹಳೇ ಥರ್ಮಾಮೀಟರ್ ಒಡೆದರೆ ಮಗಳು ಆ ಹನಿಗಳ ಜತೆ ಆಡದಂತೆ ನೋಡಿಕೊಳ್ಳಿ. ಆವಿ ವಿಷ. ಕಿಟಕಿ ತೆಗೆಯಿರಿ. ಪೊರಕೆಯಿಂದ ಗುಡಿಸಿದರೆ ಹನಿ ಇನ್ನಷ್ಟು ಚದುರುತ್ತದೆ. ದಪ್ಪ ಕಾಗದದಿಂದ ಒಟ್ಟುಮಾಡಿ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ.

ಇನ್ನು ಗ್ಯಾಲಿಯಂ. ಪಾದರಸದಷ್ಟು ವಿಷವಲ್ಲ, ದೊಡ್ಡವರು ಜತೆಗಿದ್ದರೆ ತರಿಸಬಹುದು. ಕೈಗವಸು ಹಾಕಿಕೊಳ್ಳಿ, ಬರಿಗೈಗೆ ಬೂದು ಕಲೆ ಹಿಡಿಯುತ್ತದೆ. ಗಟ್ಟಿಯಾಗುವಾಗ ಅದು ಹಿಗ್ಗುವುದರಿಂದ ಗಾಜಿನ ಬಾಟಲಿ ಒಡೆಯಬಹುದು. ಪ್ಲಾಸ್ಟಿಕ್ ಡಬ್ಬಿಯೇ ಒಳ್ಳೆಯದು. ಅಡುಗೆಮನೆಗೆ ಮಾತ್ರ ಒಯ್ಯಬೇಡಿ. ಅಲ್ಯೂಮಿನಿಯಂ ಪಾತ್ರೆಗೆ ತಾಗಿದರೆ ಲೋಹದ ಹರಳುಗಳ ನಡುವೆ ಇಳಿದು, ಕೈಯಲ್ಲಿ ಮುರಿಯುವಷ್ಟು ಪೆಡಸು ಮಾಡಿಬಿಡುತ್ತದೆ.