ಶಾಲೆಯ ಬಾವಿಗೆ ಬ್ಲೀಚಿಂಗ್ ಪೌಡರ್ ಎಷ್ಟು?

ಪ್ರಶ್ನೆ: ನಮ್ಮೂರಿನ ಪ್ರಾಥಮಿಕ ಶಾಲೆಯ ಮಕ್ಕಳು ಅಂಗಳದ ಬಾವಿಯ ನೀರನ್ನೇ ಕುಡಿಯುತ್ತಾರೆ. ಮಳೆ ಹಿಡಿದ ಮೇಲೆ ವಾರಕ್ಕೊಮ್ಮೆ ಯಾರಾದರೂ ಎರಡು ಮುಷ್ಟಿ ಬ್ಲೀಚಿಂಗ್ ಪೌಡರ್ ಎಸೆಯುತ್ತಾರೆ. ಮರುದಿನ ವಾಸನೆಗೆ ಮಗಳು ನೀರು ಮುಟ್ಟುವುದಿಲ್ಲ. ಆದರೂ ಮಕ್ಕಳಿಗೆ ವಾಂತಿಭೇದಿ ತಪ್ಪಿಲ್ಲ. ಸರಿಯಾದ ಕ್ರಮವೇನು?
– ಒಬ್ಬ ತಾಯಿ, ಕುಮಟಾ ತಾಲ್ಲೂಕು

ಉತ್ತರ: ತಪ್ಪಿರುವುದು ಆ ಮುಷ್ಟಿಯ ಲೆಕ್ಕದಲ್ಲಿ. ನಮ್ಮ ಕರಾವಳಿಯ ಬಾವಿಗಳಲ್ಲಿ ಏಪ್ರಿಲ್‌ನ ನೀರಿಗೂ ಜುಲೈನ ನೀರಿಗೂ ಅಜಗಜಾಂತರ. 3 ಮೀಟರ್ ಅಗಲದ ದುಂಡು ಬಾವಿಯಲ್ಲಿ 2 ಮೀಟರ್ ನೀರಿದ್ದರೆ ಸುಮಾರು 14,000 ಲೀಟರ್ ಆಗುತ್ತದೆ. ಅದೇ ನೀರು 5 ಮೀಟರಿಗೆ ಏರಿದರೆ 35,000 ಲೀಟರ್ ದಾಟುತ್ತದೆ. ಶೇ 33ರಷ್ಟು ಕ್ಲೋರಿನ್ ಇರುವ ಒಳ್ಳೆಯ ಪುಡಿ 1,000 ಲೀಟರಿಗೆ ಸುಮಾರು 2.5 ಗ್ರಾಂ ಬೇಕಾಗುವುದರಿಂದ, ಬೇಸಿಗೆಯಲ್ಲಿ 35 ಗ್ರಾಂ ಸಾಕಾಗಿದ್ದ ಬಾವಿಗೆ ಈಗ 88 ಗ್ರಾಂ ಹಾಕಬೇಕು. ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ಪ್ರತಿ ಸಲವೂ ನೀರಿನ ಆಳ ನೋಡಿಕೊಳ್ಳಿ, ಪುಡಿಯನ್ನು ತಕ್ಕಡಿಯಲ್ಲೇ ತೂಗಿ.

ಒಣ ಪುಡಿಯನ್ನು ಎಂದೂ ಬಾವಿಗೆ ಎಸೆಯಬಾರದು. ಶಾಲೆ ಬಿಟ್ಟ ಮೇಲೆ ಸಂಜೆ ಪುಡಿಯನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಮೊದಲು ಸ್ವಲ್ಪ ನೀರಿನಿಂದ ಹಿಟ್ಟಿನಂತೆ ಕಲಸಿ, ಅನಂತರ ಮುಕ್ಕಾಲು ಬಕೆಟ್ ನೀರು ಬೆರೆಸಿ, ಹತ್ತು ನಿಮಿಷ ಅಲುಗಾಡಿಸದೆ ಬಿಡಿ. ತಳದಲ್ಲಿ ಬಿಳಿಯ ಸುಣ್ಣ ಕೂರುತ್ತದೆ. ಅದನ್ನು ಬಾವಿಯಿಂದ ದೂರ ಚೆಲ್ಲಬೇಕು. ಮೇಲಿನ ತಿಳಿಯನ್ನು ಮಾತ್ರ ಇನ್ನೊಂದು ಬಕೆಟ್ಟಿಗೆ ಬಸಿದು, ಹಗ್ಗದಿಂದ ನೀರಿನೊಳಕ್ಕೆ ಇಳಿಸಿ, ಮೇಲೆ ಕೆಳಗೆ ಎಳೆದಾಡಿದರೆ ಔಷಧಿ ಎಲ್ಲ ಕಡೆಗೂ ಹರಡುತ್ತದೆ. ರಾತ್ರಿಯಿಡೀ ಬಾವಿಯನ್ನು ಬಳಸಬೇಡಿ. ಬೆಳಿಗ್ಗೆ ಆರೋಗ್ಯ ಕಾರ್ಯಕರ್ತೆಯವರಿಂದ ಕ್ಲೋರಿನ್ ಪರೀಕ್ಷೆ ಮಾಡಿಸಿ, ಲೀಟರಿಗೆ 0.5 ಮಿಲಿಗ್ರಾಂ ಉಳಿದಿದ್ದರೆ ಮಕ್ಕಳಿಗೆ ಧೈರ್ಯವಾಗಿ ಕೊಡಬಹುದು.

ನೀರು ಕೆಂಪಾಗಿರುವ ದಿನಗಳಲ್ಲಿ ಮಾತ್ರ ಇದನ್ನೇ ನಂಬಿ ಕೂರಬೇಡಿ, ಏಕೆಂದರೆ ಕೆಸರು ಕ್ಲೋರಿನ್ನಿನ ಶಕ್ತಿಯನ್ನು ನುಂಗಿಬಿಡುತ್ತದೆ. ಅಂಥ ದಿನ ನೀರನ್ನು ತಿಳಿಯಾಗಲು ಬಿಟ್ಟು, ಸೋಸಿ, ಬಿಸಿಯೂಟದ ಅಡುಗೆಮನೆಯಲ್ಲಿ ಕೊತಕೊತನೆ ಕುದಿಸಿಯೇ ಕೊಡಲಿ. ಬಾಯಿ ತೆರೆದಿಟ್ಟ ಪುಡಿಯ ಚೀಲವೂ ನಮ್ಮ ಮಳೆಗಾಲದ ತೇವಕ್ಕೆ ಬೇಗನೆ ಶಕ್ತಿ ಕಳೆದುಕೊಳ್ಳುತ್ತದೆ. ಮುಚ್ಚಳ ಬಿಗಿಯಾದ ಡಬ್ಬದಲ್ಲಿ, ಮಕ್ಕಳ ಕೈಗೆ ಸಿಗದಂತೆ ಇಡಬೇಕು.

ನೀವು ಬರೆಯದ ಒಂದು ಸಂಗತಿಯನ್ನು ನಾನೇ ಕೇಳುತ್ತೇನೆ: ಶೌಚಾಲಯದ ಗುಂಡಿ ಬಾವಿಯಿಂದ ಎಷ್ಟು ದೂರದಲ್ಲಿದೆ? ಕನಿಷ್ಠ 15 ಮೀಟರ್ ಇರಲೇಬೇಕು. ಚಿರೆಕಲ್ಲಿನ ನೆಲದಲ್ಲಿ ಕೊಳಚೆ ಸಂದುಗಳಿಂದ ಸುಲಭವಾಗಿ ಹರಿದುಬರುವುದರಿಂದ, ಅದಕ್ಕಿಂತ ಹತ್ತಿರವಿದ್ದರೆ ಶಾಲಾಭಿವೃದ್ಧಿ ಸಮಿತಿಯ ಮುಂದಿನ ಸಭೆಯಲ್ಲೇ ಇದನ್ನು ಎತ್ತಿ, ನೀರಿನ ಪರೀಕ್ಷೆಗೆ ಪಂಚಾಯಿತಿಗೆ ಲಿಖಿತ ಮನವಿ ಕೊಡಿ.